ಪಾತಾಳಗರಡಿಯ ಒತ್ತೆ

ನಮ್ಮ ಪಾತಾಳಗರಡಿ ಒಂದು ದಿನವೂ ಮನೆಯೊಳಗೆ ಬರಲಿಲ್ಲ. ಮಳೆಗಾಲದಲ್ಲಿ ಕೊಡೆ ಒಳಗೆ ಬರುತ್ತಿತ್ತು, ಚಪ್ಪಲಿ ಬರುತ್ತಿತ್ತು, ಒಮ್ಮೊಮ್ಮೆ ಪಕ್ಕದ ಮನೆಯ ಕೋಳಿಯೂ ಬಂದು ಸೋಫಾದ ಕೆಳಗೆ ಕೂರುತ್ತಿತ್ತು. ಅದೊಂದು ಮಾತ್ರ ಗೋವೆಯ ಸಡಾದಲ್ಲಿದ್ದ ನಮ್ಮ ಬಾಡಿಗೆ ಮನೆಯ ಹೊರಗೆ, ಸೂರಿನ ಕೆಳಗಿನ ಮೊಳೆಗೆ ನೇತಾಡಿಕೊಂಡೇ ಇರುತ್ತಿತ್ತು. ಈಗಿನವರು ನೋಡಿರಲಿಕ್ಕಿಲ್ಲ. ಕಬ್ಬಿಣದ ಒಂದು ಬಳೆ, ಬಳೆಯಿಂದ ಗೊಂಚಲಾಗಿ ಇಳಿಬಿದ್ದ ಗಿಡ್ಡ ಸರಪಳಿಗಳು, ಸರಪಳಿಗಳ ತುದಿಗೆ ಹದ್ದಿನ ಉಗುರಿನಂಥ ಕೊಕ್ಕೆಗಳು. ಬಾವಿಗೆ ಕೊಡ ಬಿದ್ದರೆ ಇದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ತಳದಲ್ಲಿ ಮೆಲ್ಲಗೆ ಆಡಿಸಿ, ಸಿಕ್ಕಿದ್ದನ್ನು ಮೇಲೆಳೆಯಬೇಕು. ಸಮುದ್ರದ ಗಾಳಿ ಎದ್ದಾಗ ಕೊಕ್ಕೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನಾನು ಓದಿದ ಕಾನ್ವೆಂಟಿನಲ್ಲಿ ಹೆಡ್ ಸಿಸ್ಟರರ ಸೊಂಟದ ಕೀಲಿಗೊಂಚಲು ಕಾರಿಡಾರಿನ ಆ ತುದಿಯಲ್ಲಿ ಸದ್ದಾದರೆ ನಾವು ಹುಡುಗಿಯರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು. ಈ ಸದ್ದಿಗೂ ನನ್ನ ಬೆನ್ನು ಹಾಗೆಯೇ ನೆಟ್ಟಗಾಗುತ್ತಿತ್ತು. ಹ್ಯಾಬಿಟ್, ಅಷ್ಟೇ, ಅಂದುಕೊಳ್ಳುತ್ತಿದ್ದೆ.

ಅದನ್ನು ತಂದವರು ನನ್ನ ಅತ್ತೆ. ನಮ್ಮವರು ಬಂದರಿನಲ್ಲಿ ಕ್ರೇನ್ ಆಪರೇಟರ್. ನಾನು ಧಾರವಾಡ ಬಿಟ್ಟು ಬಂದು ಇಲ್ಲಿಯ ಒಂದು ಸಣ್ಣ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ನಮಗೆ ಮಕ್ಕಳಾಗಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ವಿಜಾಪುರದ ಕಡೆ ಕೃಷ್ಣೆಯ ದಂಡೆಯ ಹಳ್ಳಿಯಿಂದ ನಮ್ಮ ಹತ್ತಿರ ಬಂದರು. ಸಾಮಾನೆಂದರೆ ಒಂದು ಟ್ರಂಕು, ಒಂದು ಬೀಸುವ ಕಲ್ಲು, ಮತ್ತೆ ಗೋಣಿಯಲ್ಲಿ ಸುತ್ತಿದ ಈ ಪಾತಾಳಗರಡಿ. ಅಷ್ಟು ದೂರ ಬಸ್ಸಿನಲ್ಲಿ ಅದನ್ಯಾಕೆ ಹೊತ್ತು ತಂದಿರಿ ಎಂದು ಕೇಳಿದ್ದಕ್ಕೆ, "ಎಲ್ಲಿ ಬಿಡ್ಲಿ ಹೇಳು? ಇದನ್ನ ಬಿಡಾಕ ಬರೂದಿಲ್ಲ" ಅಂದರು. ಮುಖ ಕೊಡಲಾರದವರ ಹಾಗೆ ಅತ್ತ ತಿರುಗಿ ಅಂದರು.

ಅದರ ರೀತಿ ರಿವಾಜು ಕಲಿಸಿಕೊಟ್ಟವರೂ ಅವರೇ. ಯಾರಾದರೂ ಗರಡಿ ಕೇಳಿಕೊಂಡು ಬಂದರೆ ಕೈಯಿಂದ ಕೈಗೆ ಕೊಡಕೂಡದು. ನೆಲದ ಮೇಲೆ ಇಡಬೇಕು, ಅವರು ಎತ್ತಿಕೊಳ್ಳಬೇಕು. ಒಯ್ಯುವವರು ತಮ್ಮ ಮನೆಯ ಒಂದು ಪಾತ್ರೆ ತಂದು ನಮ್ಮ ಹೊಸ್ತಿಲ ಬಳಿ ಮಗುಚಿ ಇಡಬೇಕು. ಅದು ಒತ್ತೆ. ಗರಡಿ ತಿರುಗಿ ಬಂದ ಮೇಲೆಯೇ ಪಾತ್ರೆ ತಿರುಗಿ ಹೋಗುವುದು. ಅಲ್ಲಿಯ ತನಕ ಅದನ್ನು ಯಾರೂ ನೇರ ಮಾಡಿ ಇಡುವಂತಿಲ್ಲ. ನನಗೆ ಇದು ವೆರಿ ಸೆನ್ಸಿಬಲ್ ಅನ್ನಿಸಿತ್ತು. ನಮ್ಮ ಕಾನ್ವೆಂಟ್ ಲೈಬ್ರರಿಯ ಡಿಪಾಸಿಟ್ ಇದ್ದ ಹಾಗೆ. ಆದರೆ ಡಿಪಾಸಿಟ್ಟಿನ ಬಗ್ಗೆ ಮಾತಾಡುವಾಗ ಯಾರೂ ದನಿ ತಗ್ಗಿಸುವುದಿಲ್ಲ. ಅತ್ತೆ ತಗ್ಗಿಸುತ್ತಿದ್ದರು.

ನಮ್ಮವರಿಗೆ ಒಬ್ಬ ತಂಗಿ ಇದ್ದಳು ಎನ್ನುವುದು ನನಗೆ ಗೊತ್ತಾದದ್ದು ಅತ್ತೆಯಿಂದಲೇ, ಅಕ್ಕಿ ಆರಿಸುವಾಗ ಬಾಯಿ ತಪ್ಪಿ ಬಂದ ಮಾತಿನಲ್ಲಿ. "ನೀರಿಗಿ ಹೋದಳು, ಸಣ್ಣಾಕಿ ಇದ್ದಾಗ" ಅಂದವರು ಮತ್ತೆ ಕಲ್ಲು ಹುಡುಕತೊಡಗಿದರು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. ಅತ್ತೆಯೂ ಹೋದರು. ಗರಡಿ ಸೂರಿನಲ್ಲಿ ಉಳಿಯಿತು.

ಸಡಾ ಎಂದರೆ ಬಂದರಿನ ನೆತ್ತಿಯ ಮೇಲಿನ ಗುಡ್ಡ. ಅದಿರಿನ ಧೂಳು ಹಾರಿ ಬಂದು ನಮ್ಮ ದಾಸವಾಳದ ಎಲೆಗಳ ಮೇಲೆ ಕುಂಕುಮದ ಹಾಗೆ ಕೂರುತ್ತಿತ್ತು. ನಳದಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ನಮ್ಮ ಮನೆಯ ಮಾಲೀಕರ ಕಾಂಪೌಂಡಿನ ಬಾವಿಯೇ ಇಡೀ ಓಣಿಗೆ ಗತಿ. ಕೆಂಪು ಮುರಕಲ್ಲಿನ ಕಟ್ಟೆ, ತುಂಬಾ ಆಳ, ಒಳಗೆ ಕಲ್ಲಿನ ಸಂದಿಗಳಲ್ಲಿ ಜರಿಗಿಡ. ಬಾಗಲಕೋಟೆಯವರು, ಗದಗಿನವರು, ಹುಬ್ಬಳ್ಳಿಯವರು ಎಲ್ಲರೂ ಅಲ್ಲೇ ಸೇದುತ್ತಿದ್ದರು; ಸೇದುವವರು ಇದ್ದಲ್ಲಿ ಬೀಳಿಸುವವರೂ ಇರುತ್ತಾರೆ. ಬಕೆಟ್ಟು ಬೀಳುತ್ತಿತ್ತು, ರಾಟೆಯ ಅಚ್ಚು ಬೀಳುತ್ತಿತ್ತು, ಮಾಲೀಕರ ಪಂಪಿನ ಫುಟ್‌ವಾಲ್ವ್ ಕಳಚಿಕೊಂಡು ಬೀಳುತ್ತಿತ್ತು. ಮೊಬೈಲುಗಳ ಕಾಲ ಬಂದ ಮೇಲೆ ಎದೆಯ ಜೇಬಿನಿಂದ ಮೊಬೈಲುಗಳು ಬೀಳತೊಡಗಿದವು. ಆಗೆಲ್ಲ ನಮ್ಮ ಹೊಸ್ತಿಲ ಹತ್ತಿರ ಒಂದು ಪಾತ್ರೆ ಮಗುಚಿಕೊಂಡಿರುತ್ತಿತ್ತು.

ಗರಡಿಗೆ ಅತಿ ಹೆಚ್ಚು ಬರುತ್ತಿದ್ದವಳು ಪಕ್ಕದ ಮನೆಯಾಕೆ. ಸವಣೂರಿನ ಕಡೆಯ ಮುಸ್ಲಿಂ ಹೆಂಗಸು, ಗಂಡ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಅವಳ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ, ನಾಲಿಗೆಯ ಮೇಲೂ ಅಷ್ಟೇ.

"ಟೀಚರಮ್ಮ, ನಿಮ್ಮ ಹದ್ದಿನ ಕಾಲು ಕೊಡ್ರಿ. ನಮ್ಮ ಮನಿಯವರ ಮೊಬಾಯಿಲ್ ಈಜಾಕ ಹೋಗೈತಿ."

"ಮೊಬೈಲ್ ಕೊಕ್ಕೆಗೆ ಸಿಗೂದಿಲ್ಲವ್ವಾ. ಬಿ ಪ್ರಾಕ್ಟಿಕಲ್."

"ಸಿಗದಿದ್ರ ಬಿಡ್ರಿ. ನಾ ಹುಡುಕಿದ್ದು ಅವರ ಕಣ್ಣಿಗಿ ಕಂಡ್ರ ಸಾಕು. ಇಲ್ಲಾಂದ್ರ ನಾನ ಬೇಕಂತ ಒಗದೆ ಅಂತಾರ. ಒಗದಿದ್ದೂ ಖರೇನ ಅನ್ರಿ."

ಹೀಗೆ ನಗಿಸಿಕೊಂಡೇ ಅವಳು ತನ್ನ ಅಲ್ಯುಮಿನಿಯಂ ಬೋಗುಣಿಯನ್ನು ಮಗುಚಿ ಇಟ್ಟು, ನೆಲದ ಮೇಲಿನ ಗರಡಿ ಎತ್ತಿಕೊಂಡು ಹೋಗುತ್ತಿದ್ದಳು. ಒಮ್ಮೆಯೂ ಕೈ ಚಾಚಲಿಲ್ಲ. ಅವರ ಊರಲ್ಲೂ ಇದೇ ರಿವಾಜಂತೆ.

ನಮ್ಮವರು ಇದನ್ನೆಲ್ಲ ವರಾಂಡದ ಕುರ್ಚಿಯಿಂದ ನೋಡುತ್ತಿದ್ದರು. ನೌಕರಿಯಲ್ಲಿದ್ದಷ್ಟು ವರ್ಷ ಅವರು ಹಡಗಿನ ಹೊಟ್ಟೆಯೊಳಗೆ ಕೊಕ್ಕೆ ಇಳಿಸಿ ಸಾಮಾನು ಎತ್ತಿದವರು. ಕ್ರೇನಿನಲ್ಲಿ ಕೂತವನಿಗೆ ಹಡಗಿನ ತಳ ಕಾಣುವುದಿಲ್ಲ. ಡೆಕ್ಕಿನ ಅಂಚಿನಲ್ಲಿ ನಿಂತವನು ಒಳಗೆ ಬಗ್ಗಿ ನೋಡಿ ಕೈಸನ್ನೆ ಮಾಡುತ್ತಾನೆ. ಅಂಗೈ ಕೆಳಕ್ಕೆ ಮಾಡಿ "ಆರಿಯಾ" ಎಂದರೆ ಇಳಿಸು. ಬೆರಳು ಮೇಲೆತ್ತಿ "ಹಾಪೀಸ್" ಎಂದರೆ ಎತ್ತು. ಕಾಣದ ತಳದಿಂದ ಕಾಣದ ಭಾರ ಎತ್ತುವ ಕೆಲಸ. ನಾನು ಮದುವೆಯಾದ ಹೊಸದರಲ್ಲಿ ಇದನ್ನು ನನ್ನ ಕ್ಲಾಸಿನ ಮಕ್ಕಳಿಗೆ ಹೇಳಿ ಬಹಳ ಹೆಮ್ಮೆಪಟ್ಟಿದ್ದೆ. ಬಾವಿಗೆ ಏನಾದರೂ ಬಿದ್ದಾಗ ಮಾತ್ರ ಇದೇ ಮನುಷ್ಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಓಣಿಯ ಗಂಡಸರೆಲ್ಲ ಕಟ್ಟೆಯ ಸುತ್ತ ನಿಂತು ಅಡ್ವೈಸ್ ಕೊಡುತ್ತಿದ್ದರೆ ಇವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿರುತ್ತಿದ್ದರು.

ಎರಡು ಸಾವಿರದ ಇಸವಿಯ ಆಚೀಚೆ ಕೃಷ್ಣೆಯ ಹಿನ್ನೀರು ಬಂದು ಅವರ ಊರು ಮುಳುಗಿತು. ಊರಿನವರೆಲ್ಲ ಮೊದಲೇ ಬೇರೆ ಕಡೆ ಮನೆ ಕಟ್ಟಿಕೊಂಡು ಹೋಗಿದ್ದರು. ಇವರು ಒಬ್ಬರೇ ಹೋಗಿ ನೋಡಿ ಬಂದರು. "ಏನು ಕಾಣ್ತದ್ರಿ ಈಗ?" ಎಂದು ಕೇಳಿದೆ. "ನೀರು" ಅಂದರು. ಊಟ ಮಾಡಿದರು, ಕೈ ತೊಳೆದರು, ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಬಾವಿಗಿ ನೀರು ಬಂದೈತಿ ಅಂತಾರಲ್ಲ, ಇದು ನೀರಿಗಿ ಬಾವಿ ಹೋಗೈತಿ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮರೆವು ಶುರುವಾದದ್ದು ಅದಾದ ಕೆಲವು ವರ್ಷಗಳಿಗೆ. ಡಾಕ್ಟರು ಅದಕ್ಕೊಂದು ದೊಡ್ಡ ಹೆಸರು ಹೇಳಿದರು. ಸ್ಪೆಲ್ಲಿಂಗ್ ಸಮೇತ ನನಗೆ ಗೊತ್ತಿತ್ತು, ಗೊತ್ತಿದ್ದು ಏನು ಉಪಯೋಗ. ಶರ್ಟಿನ ಗುಂಡಿ ಮರೆತರು, ನೆರೆಯವರ ಮುಖ ಮರೆತರು. ನನ್ನನ್ನು ಮಾತ್ರ ಮೊದಲಿನ ಹಾಗೆ ತಮಾಷೆಗೆ "ಟೀಚರ್" ಎಂದೇ ಕರೆಯುತ್ತಿದ್ದರು. ಹೆಂಡತಿ ಎನ್ನುವುದು ನೆನಪಿತ್ತೋ ಅಥವಾ ನಿಜವಾಗಿ ಯಾರೋ ಟೀಚರ್ ಎಂದುಕೊಂಡಿದ್ದರೋ ನಾನು ಕೇಳಲು ಹೋಗಲಿಲ್ಲ.

ಒಂದು ದಿನ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಕಾಣಲಿಲ್ಲ. ಮಾರನೆಯ ವಾರ ಸಾರಿನ ಪಾತ್ರೆ, ಆಮೇಲೆ ಪೂಜೆಯ ಕೊಡ. ಮನೆಯೆಲ್ಲ ಹುಡುಕಿ ಸೋತು ಕೂತಾಗ ಪಕ್ಕದ ಮನೆಯಾಕೆ ಬಂದು, "ಅಜ್ಜಾರು ಈಗ ಬಾವ್ಯಾಗ ಒಂದು ಡಬರಿ ಒಗದ್ರಲ್ಲ. ತೊಳ್ಯಾಕೇನು?" ಅಂದಳು.

ನಾನು ಗರಡಿ ಇಳಿಸಿದೆ. ಹಾಲಿನ ಪಾತ್ರೆ ಬಂತು, ಡಬರಿ ಬಂತು, ಹಳೆಯದೊಂದು ಬಕೆಟ್ಟಿನ ಹಿಡಿಕೆಯೂ ಬಂತು. ಎಲ್ಲ ಉಜ್ಜಿ ತೊಳೆದು ಶೆಲ್ಫಿನಲ್ಲಿ ಜೋಡಿಸಿದೆ. ಅವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ತಪ್ಪು ಉತ್ತರ ಬರೆದ ಹುಡುಗನನ್ನು ನಾನು ನೋಡುವ ಹಾಗೆ. ಮೂರು ದಿನಕ್ಕೆ ಮತ್ತೆ ಎರಡು ಪಾತ್ರೆ ಹೋದವು. ಮತ್ತೆ ತೆಗೆದೆ. ಆಮೇಲೆ ಅತ್ತೆಯ ಕಾಲದ ಹಿತ್ತಾಳೆ ಕೊಳಗವೇ ಹೋಯಿತು. ಅದು ಮೇಲೆ ಬರುವಷ್ಟರಲ್ಲಿ ನನ್ನ ಅಂಗೈ ಸಿಪ್ಪೆ ಸುಲಿದಿತ್ತು. ಅವರು ಒಗೆಯುವುದು, ನಾನು ತೆಗೆಯುವುದು. ಸುಮ್ಮನೆ ಒಂದು ಕಾಟ ಎಂದುಕೊಂಡಿದ್ದೆ, ವಾಟ್ ಎ ನ್ಯೂಸೆನ್ಸ್ ಎಂದು ಗೊಣಗಿಕೊಂಡಿದ್ದೆ. ಎಸೆದದ್ದೆಲ್ಲ ಪಾತ್ರೆಯೇ, ಪುಸ್ತಕವಲ್ಲ, ಚಪ್ಪಲಿಯಲ್ಲ ಎನ್ನುವುದನ್ನು ನಾನು ಗಮನಿಸಿರಲಿಲ್ಲ.

ಗೊತ್ತಾದದ್ದು ಹೀಗೆ. ಪಕ್ಕದ ಮನೆಯಾಕೆ ಒಂದು ಮಧ್ಯಾಹ್ನ ಗರಡಿ ತಂದು ನೆಲಕ್ಕಿಟ್ಟು, ತನ್ನ ಬೋಗುಣಿ ಎತ್ತಿಕೊಂಡಳು. ಕುರ್ಚಿಯಲ್ಲಿದ್ದ ಇವರು ಬೋಗುಣಿಯನ್ನೇ ನೋಡುತ್ತ, "ಆಕಿಗಿ ಕೊಟ್ರಿ. ನಮಗ ಯಾವಾಗ ಕೊಡ್ತಾರ?" ಅಂದರು.

"ಏನು ಕೊಡಬೇಕ್ರಿ ನಮಗ?"

"ತಂಗೀನ."

ಹೊರಗೆ ಪಾವು ಬ್ರೆಡ್ಡು ಮಾರುವವನ ಹಾರ್ನ್ ಕೇಳಿಸುತ್ತಿತ್ತು. ಪಕ್ಕದ ಮನೆಯಾಕೆ ಬೋಗುಣಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅವರು ಮುರುಕು ಮುರುಕಾಗಿ ಹೇಳಿದರು. ಸಂಬಂಧವೇ ಇಲ್ಲದವರ ಕಥೆ ಹೇಳಿದ ಹಾಗೆ, ದನಿ ಏರಲಿಲ್ಲ. ಇವರಿಗಾಗ ಎಂಟು ವರ್ಷವಂತೆ; ತಂಗಿ ತನ್ನ ಪುಟ್ಟ ಹಿತ್ತಾಳೆ ತಂಬಿಗೆಗೆ ನೂಲಿನ ಹಗ್ಗ ಕಟ್ಟಿ ಬಾವಿಯಲ್ಲಿ ಇಳಿಬಿಟ್ಟು ಆಡುತ್ತಿದ್ದಳಂತೆ. ಬಗ್ಗಿದಳಂತೆ. ತಂಬಿಗೆ ಕಟ್ಟೆಯ ಮೇಲೆ ಉಳಿಯಿತು, ಅವಳು ಹೋದಳು. ಊರಿಗೆಲ್ಲ ಗರಡಿ ಇದ್ದದ್ದು ಒಂದೇ ಮನೆಯಲ್ಲಿ. ಅತ್ತೆ ಓಡುವಾಗ ಕೈಗೆ ಸಿಕ್ಕಿದ್ದು ಅದೇ ತಂಬಿಗೆ. ಅದನ್ನೇ ಆ ಮನೆಯ ಹೊಸ್ತಿಲಲ್ಲಿ ಮಗುಚಿಟ್ಟು ಗರಡಿ ತಂದರು. ಗರಡಿಗೆ ತಂಗಿ ಸಿಕ್ಕಳು. ಆಮೇಲೆ ಗರಡಿ ತಿರುಗಿ ಕೊಡಲು ಹೋದರೆ ಆ ಮನೆಯವರು ಬಾಗಿಲು ತೆರೆಯಲಿಲ್ಲ. ಮನುಷ್ಯರನ್ನು ಎತ್ತಿದ ಗರಡಿಯನ್ನು ತಿರುಗಿ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಗರಡಿ ತೆಗೆದುಕೊಳ್ಳದ ಮೇಲೆ ಒತ್ತೆಯನ್ನು ಕೊಡುವ ಪದ್ಧತಿಯೂ ಇಲ್ಲ.

"ತಂಬಿಗಿ ಅವರ ಹತ್ರ ಐತಿ. ಆಕಿನೂ ಅವರ ಹತ್ರ ಐದಾಳ" ಅಂದರು ನಮ್ಮವರು. "ಅದರ ಬದ್ಲಿ ಬ್ಯಾರೆ ಪಾತ್ರಿ ತಗೋರಿ, ಆಕೀನ ಬಿಡ್ರಿ ಅಂತ ಕೊಡಾಕತ್ತೇನಿ. ಅವರ ಹೊಸ್ತಿಲಾ ನೀರಾಗ ಹೋಗೈತಿ. ನೀರಾಗ ಇಡಬೇಕು, ಮತ್ತೆಲ್ಲಿ ಇಡ್ಲಿ? ನಾ ಇಡ್ತೇನಿ, ಟೀಚರ್, ನೀವು ತಗದ ತಗದ ಒಳಗ ಇಡ್ತೀರಿ. ಹಿಂಗಾದ್ರ ಅವರು ಹೆಂಗ ಕೊಡ್ತಾರ?"

ನಾನು ಅವರ ಮುಂದೆ ನಿಂತಿದ್ದೆ, ಕೈಯಲ್ಲಿ ಒರೆಸುವ ಬಟ್ಟೆ. ಇಷ್ಟು ವರ್ಷ ಸೂರಿನಲ್ಲಿ ನೇತಾಡಿದ್ದು ಏನು ಎನ್ನುವುದು ಆಗ ತಿಳಿಯಿತು. ಗಾಳಿ ಇರಲಿಲ್ಲ. ಆದರೂ ಹಿಂದಿನಿಂದ ಕೊಕ್ಕೆಗಳ ಸದ್ದು ಬಂದಂತಾಗಿ ತಿರುಗಿ ನೋಡಿದೆ. ಗರಡಿ ನೆಲದ ಮೇಲೆ, ಪಕ್ಕದ ಮನೆಯಾಕೆ ಇಟ್ಟಲ್ಲೇ ಇತ್ತು.

ಅಂದಿನಿಂದ ನಾನು ಪಾತ್ರೆಗಳನ್ನು ತೆಗೆಯುವುದು ಬಿಟ್ಟೆ; ಕೊಳಗ ಮತ್ತೆ ಹೋದರೂ ತೆಗೆಯಲಿಲ್ಲ. ಇದರಿಂದ ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ಒತ್ತೆ ಅಲ್ಲಿ ಉಳಿಯಿತೆಂದ ಮೇಲೆ ಇನ್ನು ಆ ಮನೆಯವರು ತಂಗಿಯನ್ನು ಕೊಡಲೇಬೇಕಲ್ಲ! ನಮ್ಮವರು ಊಟ ಬಿಟ್ಟು ಕಟ್ಟೆಯ ಹತ್ತಿರ ನಿಲ್ಲತೊಡಗಿದರು. ಬಗ್ಗಿ ನೋಡುವುದು, ಕಿವಿಗೊಡುವುದು, ಒಳಗೆ ಯಾರನ್ನೋ ಸಣ್ಣ ದನಿಯಲ್ಲಿ ಕರೆಯುವುದು. ಬಾವಿ ಅದೇ ಕರೆಯನ್ನು ಸ್ವಲ್ಪ ತಡಮಾಡಿ, ಸ್ವಲ್ಪ ತೆಳ್ಳಗೆ ಮಾಡಿ ತಿರುಗಿ ಕಳಿಸುತ್ತಿತ್ತು. ಎಕೋ, ಫಿಸಿಕ್ಸ್, ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೂ ಅದು ಹುಡುಗಿಯ ದನಿಯ ಹಾಗೆಯೇ ಇತ್ತು. ನಾನು ಒಳಗೆ ಹೋಗಿ ರೇಡಿಯೋ ಹಚ್ಚುತ್ತಿದ್ದೆ.

ಒಂದು ಮುಂಜಾನೆ ಅಂಗಳದಲ್ಲಿ ಗದ್ದಲ. ಓಡಿ ಹೋಗಿ ನೋಡಿದರೆ ಅವರ ಒಂದು ಕಾಲು ಕಟ್ಟೆಯ ಆಚೆ ಇತ್ತು. ಪಕ್ಕದ ಮನೆಯಾಕೆ ಎರಡೂ ಕೈಯಿಂದ ಅವರ ಸೊಂಟ ಹಿಡಿದುಕೊಂಡಿದ್ದಳು.

"ಅಜ್ಜಾರ, ನಾ ಮೊದಲ ಬಂದೇನಿ, ಪಾಳಿ ನಂದು! ಹಿಂದ ಸರೀರಿ!"

"ಅವರು ಕೊಡಾಕ ಒಲ್ಲರು. ನಾನ ಇಳೀತೇನಿ" ಅನ್ನುತ್ತಿದ್ದರು ಅವರು, ಬಹಳ ಮರ್ಯಾದೆಯಿಂದ.

ಇಬ್ಬರೂ ಸೇರಿ ಇಳಿಸಿಕೊಂಡೆವು. ಬಾಗಿಲಿಗೆ ಚಿಲಕ ಹಾಕಿದರೆ ಅವರು ತಲೆ ಬಡಿದುಕೊಳ್ಳುತ್ತಿದ್ದರು. ತೆಗೆದರೆ ನೇರ ಬಾವಿಗೆ. ಒಂದಲ್ಲ ಒಂದು ದಿನ ಇಳಿದೇ ಬಿಡುತ್ತಾರೆ, ನಾನು ಆಗ ಅಕ್ಕಿ ತೊಳೆಯುತ್ತಿರುತ್ತೇನೆ ಎನ್ನುವುದು ನನಗೆ ನಿಶ್ಚಯವಾಯಿತು. ಆಮೇಲೆ ಆ ಗರಡಿಯನ್ನು ಹಿಡಿಯಬೇಕಾದವಳು ನಾನೇ. ಹೊಸ್ತಿಲಿಗೆ ಬರುವ ಎಲ್ಲ ಯೋಚನೆಗಳನ್ನೂ ಮನುಷ್ಯ ಒಳಗೆ ಕರೆಯಬಾರದು, ಆದರೆ ಇದು ಕರೆಯದೆಯೇ ಬಂದು ಕೂತಿತ್ತು.

ವಿಷಯ ಮಾಲೀಕರ ಕಿವಿಗೂ ಬಿತ್ತು. ವಯಸ್ಸಾದ ಗೋವೆಯ ಕ್ಯಾಥಲಿಕ್ ಗೃಹಸ್ಥರು, ಒಬ್ಬರೇ ಇದ್ದರು, ಎಲ್ಲರಿಗೂ ಕೊಂಕಣಿ ಹಿಂದಿ ಕಲಸಿ ಮಾತಾಡುತ್ತಿದ್ದರು. ನನ್ನ ಹತ್ತಿರ ಮಾತ್ರ ಇಂಗ್ಲಿಷು. "ಅರೇ ದೇವಾ, ಟೀಚರ್! ಮೊದಲೇ ಹೇಳಬಾರದಿತ್ತೆ?" ಎಂದು ತಲೆಯ ಮೇಲೆ ಕೈ ಹೊತ್ತರು. ಹೇಗೂ ಮೇ ತಿಂಗಳು, ನೀರು ತಳಕ್ಕೆ ಹೋಗಿದೆ. ಸೋಮವಾರ ಆಳುಗಳನ್ನು ಇಳಿಸಿ ಹೂಳು ತೆಗೆಸುತ್ತೇನೆ, ಅದರ ಮಾರನೆಯ ದಿನ ಮೇಲೆ ಕಬ್ಬಿಣದ ಗ್ರಿಲ್ ಕೂಡಿಸಿ ಬೀಗ ಹಾಕಿಸುತ್ತೇನೆ ಎಂದರು. ವೆಲ್ಡರ್ ಆವತ್ತೇ ಬಂದು ಕಟ್ಟೆಯ ಅಳತೆ ತೆಗೆದುಕೊಂಡ.

ನಾನು ಥ್ಯಾಂಕ್ ಯೂ ಎಂದೆ. ನಿಜವಾಗಿ ಭಾರ ಇಳಿದಂತಾಯಿತು. ತಿರುಗಿ ನೋಡಿದರೆ ನಮ್ಮವರು ವೆಲ್ಡರನ ಟೇಪನ್ನು ನೋಡುತ್ತ ವರಾಂಡದಲ್ಲಿ ನಿಂತಿದ್ದರು.

"ಮುಚ್ಚತಾರ?"

"ಮುಚ್ಚೂದಲ್ಲರಿ, ಗ್ರಿಲ್ ಹಾಕ್ತಾರ, ಸೇಫ್ಟಿಗೆ."

"ಆಕಿ ಒಳಗ ಐದಾಳ, ಟೀಚರ್."

ಗ್ರಿಲ್ ಅವರ ಮೈಯನ್ನು ತಡೆಯುತ್ತಿತ್ತು. ಆದರೆ ಉಳಿದ ದಿನಗಳೆಲ್ಲ ಆ ಬೀಗದ ಮುಂದೆ ನಿಂತಿರುವ ಮನುಷ್ಯನನ್ನು ನಾನು ಏನು ಮಾಡಲಿ? ತಂಗಿಯ ಮೇಲೆ ಬೀಗ ಹಾಕಿಸಿದವಳು ಎಂದು ಅವರು ನನ್ನನ್ನು ನೋಡುವುದನ್ನು ಹೇಗೆ ಸಹಿಸಲಿ? ಸೋಮವಾರಕ್ಕೆ ಮೊದಲು ಇದನ್ನು ಮುಗಿಸಬೇಕಿತ್ತು. ಮುಗಿಸುವ ದಾರಿ ಅವರೇ ಹೇಳಿಕೊಟ್ಟಿದ್ದರು. ಒತ್ತೆ ಇಟ್ಟಾಗಿದೆ. ಗರಡಿ ಇಳಿಸಬೇಕು, ಅಷ್ಟೇ ಬಾಕಿ.

ಭಾನುವಾರ ಮಧ್ಯಾಹ್ನ, ಮಾಲೀಕರು ಊಟ ಮಾಡಿ ಮಲಗಿದ್ದ ಹೊತ್ತು. ಗೋವೆಯಲ್ಲಿ ಆ ಹೊತ್ತಿಗೆ ನಾಯಿಯೂ ಬೊಗಳುವುದಿಲ್ಲ. ಪಕ್ಕದ ಮನೆಯಾಕೆಗೆ ಹೇಳಿದ್ದೆ. ಅವಳು ತನ್ನ ದುಪಟ್ಟಾವನ್ನು ಅವರ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿ ತುದಿಗಳನ್ನು ಕೈಯಲ್ಲಿ ಹಿಡಿದಳು.

"ಇದ್ಯಾಕವಾ?" ಅಂದರು ಅವರು.

"ನಿಮ್ಮನ್ನ ಗಾಳಿಪಟ ಮಾಡೇನ್ರಿ, ಅಜ್ಜಾರ. ಹಾರಬ್ಯಾಡ್ರಿ ಮತ್ತ, ದುಪಟ್ಟಾ ಹೊಸಾದೈತಿ."

ನಾನು ಗರಡಿಯನ್ನು ಹಗ್ಗಕ್ಕೆ ಕಟ್ಟಿದೆ. ಅವರು ಕಟ್ಟೆಯ ಅಂಚಿಗೆ ಬಂದು ನಿಂತರು. ಬಾವಿಗೆ ಏನೇ ಬಿದ್ದರೂ ಕುರ್ಚಿಯಿಂದ ಏಳದಿದ್ದ ಮನುಷ್ಯ ಆವತ್ತು ಬೆನ್ನು ನೆಟ್ಟಗೆ ಮಾಡಿ, ಹಡಗಿನ ಡೆಕ್ಕಿನ ಮೇಲೆ ನಿಂತವರ ಹಾಗೆ ನಿಂತು, ಒಳಗೆ ನೋಡಿ, ಅಂಗೈಯನ್ನು ಕೆಳಕ್ಕೆ ಮಾಡಿದರು.

"ಆರಿಯಾ."

ನಾನು ಇಳಿಸಿದೆ. ಕೊಕ್ಕೆಗಳು ಗೋಡೆಗೆ ತಾಗುತ್ತ, ಕಿಣಿಕಿಣಿ ಎನ್ನುತ್ತ ಇಳಿದವು. ನೀರು ಮುಟ್ಟಿದ ಮೇಲೆ ಸದ್ದು ನಿಂತಿತು.

"ಆರಿಯಾ… ಆರಿಯಾ… ಬಸ್."

ನಾನು ಆಡಿಸಿದೆ. ಪಾತ್ರೆಗಳು ತಗುಲುವುದು ಕೈಗೆ ಗೊತ್ತಾಗುತ್ತಿತ್ತು; ಸ್ಟೀಲಿಗೆ ಒಂದು ಥರ, ಹಿತ್ತಾಳೆಗೆ ಒಂದು ಥರ. ತಗುಲಿ ಜಾರುತ್ತಿದ್ದವು. ಹಾಗೆ ಆಡಿಸುತ್ತಿರುವಾಗ ಏನೋ ಒಂದು ಸಿಕ್ಕಿತು. ಪಾತ್ರೆಯಲ್ಲ. ಪಾತ್ರೆ ಸಿಕ್ಕಿದರೆ ಹಗ್ಗ ಥಟ್ಟನೆ ಬಿಗಿಯುತ್ತದೆ. ಇದು ಮೆತ್ತಗೆ, ತಾನಾಗಿ ಬಂದು ಹಿಡಿದುಕೊಂಡ ಹಾಗೆ ಬಿಗಿಯಿತು.

ನಾನು ಮುಖ ಎತ್ತಿ ಅವರನ್ನು ನೋಡಿದೆ. ಹೇಳಬೇಕಾಗಿರಲಿಲ್ಲ, ಜೀವಮಾನವಿಡೀ ಹಗ್ಗದ ಬಿಗಿ ನೋಡಿ ಭಾರ ತಿಳಿದ ಮನುಷ್ಯ. ಅವರ ತೋರುಬೆರಳು ಮೇಲೆದ್ದಿತು.

"ಹಾಪೀಸ್. ಸಾವಕಾಶ."

ಎಳೆದೆ. ಭಾರವಾಗಿತ್ತು, ಆದರೆ ಬರುತ್ತಿತ್ತು.

"ಸಾವಕಾಶ, ಟೀಚರ್. ಜ್ವಾಕಿ… ಕೂದಲಕ್ಕ ಸಿಗತೈತಿ."

ಪಕ್ಕದ ಮನೆಯಾಕೆ ಬಾಯಿಯಲ್ಲಿ ಏನೋ ಓದಿಕೊಳ್ಳತೊಡಗಿದಳು. ನನ್ನ ಬಾಯಿಗೆ ಬಂದದ್ದು ಕಾನ್ವೆಂಟಿನಲ್ಲಿ ನಮಗೆ ಹಿಂದೂ ಹುಡುಗಿಯರಿಗೂ ಬಾಯಿಪಾಠವಾಗಿದ್ದ, ಸತ್ತವರಿಗಾಗಿ ಹೇಳುವ ಪ್ರಾರ್ಥನೆ. ಎಂದೋ ಮರೆತಿದ್ದೇನೆ ಎಂದುಕೊಂಡಿದ್ದೆ. ಎಂಟು ವರ್ಷದ ಹುಡುಗನೊಬ್ಬ ಹೀಗೇ ಕಟ್ಟೆಯ ಹತ್ತಿರ ನಿಂತು ಏನನ್ನು ನೋಡಿದ್ದ ಎನ್ನುವುದು ಆ ಒಂದು ಮಾತಿನಿಂದ ನನಗೆ ಕಂಡಿತು. ಕೈ ನಿಂತುಬಿಟ್ಟಿತು. ಎಳೆಯುವುದಕ್ಕೂ ಬಿಡುವುದಕ್ಕೂ ಧೈರ್ಯ ಬರಲಿಲ್ಲ. ಅವರು ಬಗ್ಗಿ ನೋಡುತ್ತಲೇ ಇದ್ದರು. ಕೆಳಗೆ ಬಂದರಿನಲ್ಲಿ ಒಂದು ಹಡಗು ಕೂಗಿ ಸುಮ್ಮನಾಯಿತು.

ಮೇಲೆತ್ತಿದ ಬೆರಳು ಹಾಗೇ ಬಹಳ ಹೊತ್ತು ಇತ್ತು. ಆಮೇಲೆ ಅವರು ಆ ಕೈಯನ್ನೇ ತಿರುಗಿಸಿದರು. ಅಂಗೈ ಕೆಳಕ್ಕೆ.

"ಆರಿಯಾ" ಅಂದರು.

"ಇಳಿಸಲೇನ್ರಿ?"

"ಆಕಿಗಿ ನೋವಾಗತೈತಿ. ಆರಿಯಾ. ಪೂರ್ತಿ."

ನಾನು ಇಳಿಸಿದೆ. ಹಗ್ಗ ಸಡಿಲಾಗುವವರೆಗೂ ಇಳಿಸಿದೆ, ಆಮೇಲೂ ಅವರ ಅಂಗೈ ಕೆಳಕ್ಕೇ ಇತ್ತು. ಕೊನೆಗೆ ಹಗ್ಗದ ತುದಿಯೂ ನನ್ನ ಕೈ ದಾಟಿ, ಕಟ್ಟೆಯ ಮೇಲೆ ಹಾವಿನ ಬಾಲದ ಹಾಗೆ ಒಮ್ಮೆ ಹೊರಳಿ, ಒಳಗೆ ಹೋಯಿತು. ಕೇಳಿಸಬೇಕಾದಷ್ಟು ಸದ್ದೂ ಆಗಲಿಲ್ಲ. ಅವರು ಕೈಯನ್ನು ಪಕ್ಕಕ್ಕೆ ಬೀಸಿದರು. ಪಾಳಿ ಮುಗಿಯಿತು ಎನ್ನುವ ಸನ್ನೆ ಅದು. ತಮ್ಮ ಸೊಂಟದ ದುಪಟ್ಟಾ ತಾವೇ ಬಿಚ್ಚಿ, ಮಡಚಿ ಪಕ್ಕದ ಮನೆಯಾಕೆಗೆ ಕೊಟ್ಟು, "ಚಾ ಮಾಡ್ತೀರೇನು, ಟೀಚರ್?" ಅಂದರು.

ಚಹಾ ಕುಡಿದು ಅವರು ಮಲಗಿದರು. ನಾವಿಬ್ಬರೂ ಹೆಂಗಸರು ಮೆಟ್ಟಿಲ ಮೇಲೆ ಕೂತಿದ್ದೆವು.

"ಏನಿತ್ರಿ ಟೀಚರಮ್ಮ, ಹಗ್ಗದಾಗ?"

"ಹೂಳು ಇರಬೇಕು. ಇಲ್ಲಾಂದ್ರ ಯಾರದರೆ ಹಳೇ ಸೀರಿ."

"ಹೌದ್ರಿ. ಹೂಳ ಇರಬೇಕು" ಅಂದಳು. ಆದರೆ ಅವಳು ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ. ಆಮೇಲೆ ಅವಳೇ, "ಇನ್ನ ಮ್ಯಾಲ ನನ್ನ ಬಕೆಟ್ ಬಿದ್ರ ಹೆಂಗ್ರಿ? ಗರಡೀನ ಬಿದ್ರ ಅದನ್ನ ತಗ್ಯಾಕ ಮತ್ತೊಂದು ಗರಡಿ ಬೇಕಲ್ರಿ" ಅಂದಳು. ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ಕಣ್ಣು ಒರೆಸಿಕೊಂಡಳು.

ಸೋಮವಾರ ಆಳುಗಳು ಬಾವಿಗೆ ಇಳಿದರು. ಪಂಪು ಹಚ್ಚಿ ನೀರು ಬತ್ತಿಸಿ, ಬುಟ್ಟಿಯಲ್ಲಿ ಹೂಳು ಕಳಿಸಿದರು. ಇಡೀ ಓಣಿ ಸೇರಿತ್ತು. ಮಾಲೀಕರು ತಮ್ಮ ಫುಟ್‌ವಾಲ್ವ್ ಕಂಡು ಮಗು ಸಿಕ್ಕಿದವರ ಹಾಗೆ ಎತ್ತಿಕೊಂಡರು. ಬಕೆಟ್ಟುಗಳು, ಕುಕ್ಕರಿನ ಮುಚ್ಚಳ, ಪಕ್ಕದ ಮನೆಯ ಮೊಬೈಲು, ನಮ್ಮ ಕೊಳಗ, ಕೊಡ, ಡಬರಿಗಳು. ಹೆಂಗಸರು ಇದು ನನ್ನದು, ಅದು ನಿನ್ನದು ಎಂದು ಆರಿಸಿಕೊಂಡರು. ನಾನು ಒಳಗಿದ್ದವನನ್ನು ಕೂಗಿ ಕೇಳಿದೆ, ಗರಡಿ ಬಂತೆ ಎಂದು. ಕಲ್ಲು ಕಾಣುವವರೆಗೂ ಬಳಿದಿದ್ದೇನೆ, ಗರಡಿಯೂ ಇಲ್ಲ, ಹಗ್ಗವೂ ಇಲ್ಲ ಎಂದು ಅವನು ಕೆಳಗಿನಿಂದ ಕೂಗಿದ. ಯಾವುದೋ ಸಂದಿಯಲ್ಲಿ ಹೋಗಿರಬೇಕು, ಮುರಕಲ್ಲಿನ ಬಾವಿಗಳಲ್ಲಿ ಸಂದಿ ಬಹಳ ಎಂದರು ಮಾಲೀಕರು. ಇರಬೇಕು.

ಎಲ್ಲರೂ ಆರಿಸಿಕೊಂಡು ಹೋದ ಮೇಲೆ ಕೆಸರಿನಲ್ಲಿ ಒಂದು ಪಾತ್ರೆ ಉಳಿಯಿತು. ಕಪ್ಪಗಾದ ಒಂದು ಪುಟ್ಟ ಹಿತ್ತಾಳೆ ತಂಬಿಗೆ, ಮಗುವಿನ ಕೈಗೆ ಹಿಡಿಸುವಷ್ಟು. ಯಾರದ್ದೂ ಅಲ್ಲವಂತೆ. ಪಕ್ಕದ ಮನೆಯ ಟಿಪ್ಪರ್ ಡ್ರೈವರ್ ಅದನ್ನು ಕಾಲಿನಿಂದ ಸರಿಸಿ, "ಹಳೇ ಬಾವಿ, ಯಾವ ಕಾಲದ್ದೋ ಯಾರದೋ" ಅಂದ. ಅವನ ಹೆಂಡತಿ ಅವನ ಕಾಲಿಗೆ ಒಂದು ಏಟು ಹಾಕಿದಳು.

ನಾನು ಮನೆಗೆ ತಂದು ಹುಣಸೆಹಣ್ಣು ಹಾಕಿ ಉಜ್ಜಿದೆ. ಕುತ್ತಿಗೆಯ ಸುತ್ತ ಒಂದು ಗೀರು ಇತ್ತು, ನೂಲು ಕಟ್ಟಿ ಕಟ್ಟಿ ಸವೆದ ಹಾಗೆ. ಅಥವಾ ಕಲ್ಲಿಗೆ ತಾಗಿದ್ದಿರಬಹುದು. ನನಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಅದನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ಈ ಕಡೆ ಆ ಕಡೆ ತಿರುಗಿಸಿ ನೋಡಿದರು.

"ಯಾರದಿದು?"

"ನಿಮಗ ಗೊತ್ತಿಲ್ಲೇನ್ರಿ?"

"ಇಲ್ಲ. ಚಲೋ ಐತಿ. ಇದರಾಗ ಒಂದಿಷ್ಟು ನೀರು ಕೊಡ್ರಿ."

ಕೊಟ್ಟೆ. ಕುಡಿದರು. ಮತ್ತೆ ಕೇಳಿದರು, ಮತ್ತೆ ಕೊಟ್ಟೆ.

ಅದಾದ ಮೇಲೆ ಅವರು ಬಾವಿಯ ಕಡೆ ಹೋಗಲಿಲ್ಲ. ಗ್ರಿಲ್ ಕೂಡಿಸಿದ ದಿನ ತಿರುಗಿಯೂ ನೋಡಲಿಲ್ಲ. ಇನ್ನೂ ಎರಡು ಮಳೆಗಾಲ ಇದ್ದರು, ತಮ್ಮ ಹೆಸರನ್ನೂ ಮರೆತು, ನನ್ನನ್ನು ಟೀಚರ್ ಎಂದೇ ಕರೆಯುತ್ತ, ಆ ತಂಬಿಗೆಯಲ್ಲೇ ನೀರು ಕುಡಿಯುತ್ತ. ಹೋದದ್ದು ಹಾಸಿಗೆಯಲ್ಲಿ, ಹಗಲಿನಲ್ಲಿ, ನನ್ನ ಕೈ ಅವರ ಹಣೆಯ ಮೇಲಿದ್ದಾಗ. ನಾನು ಬೇಡಿಕೊಂಡದ್ದು ಅಷ್ಟನ್ನೇ.

ಸೂರಿನ ಮೊಳೆ ಈಗಲೂ ಅಲ್ಲೇ ಇದೆ, ಬರಿದಾಗಿ. ಗಾಳಿ ಎದ್ದಾಗ ಒಮ್ಮೊಮ್ಮೆ ನನ್ನ ಬೆನ್ನು ನೆಟ್ಟಗಾಗುತ್ತದೆ. ಪಕ್ಕದ ಮನೆಯಾಕೆ ವಾಸ್ಕೋದ ಪೇಟೆಯಿಂದ ಹೊಸ ಗರಡಿ ತಂದಿದ್ದಾಳೆ, ಗ್ರಿಲ್ಲಿನ ಸಣ್ಣ ಬಾಗಿಲಲ್ಲಿ ಅದನ್ನು ತೂರಿಸಲು ಒದ್ದಾಡುತ್ತಾಳೆ, ಮಾಲೀಕರಿಗೆ ಬೈಯುತ್ತಾಳೆ. ನನ್ನ ಬಕೆಟ್ಟು ಬಿದ್ದರೆ ನಾನೂ ಅವಳ ಹೊಸ್ತಿಲಿಗೆ ಒಂದು ಪಾತ್ರೆ ಒಯ್ದು ಮಗುಚಿಡುತ್ತೇನೆ. ಯಾವುದಾದರೂ ಒಯ್ಯುತ್ತೇನೆ. ಆ ತಂಬಿಗೆಯನ್ನು ಮಾತ್ರ ಮತ್ತೆ ಒತ್ತೆ ಇಡುವುದಿಲ್ಲ. ಅದನ್ನು ತೊಳೆದ ಮೇಲೂ ಒಣಗಲೆಂದು ಬೋರಲು ಹಾಕುವುದಿಲ್ಲ; ಬಟ್ಟೆಯಲ್ಲಿ ಒರೆಸಿ, ನೀರು ತುಂಬಿ, ಕಿಟಕಿಯ ಕಟ್ಟೆಯ ಮೇಲೆ ನೇರವಾಗಿ ಇಡುತ್ತೇನೆ.